ಪಂಕ್ತಿಯಿಂದ ದೂರ ಸರಿದ ಊಟ: ಸ್ವಾಮಿ ವಿವೇಕಾನಂದರ ಮಧುಮೇಹ ಮತ್ತು ಪಥ್ಯದ ಐದು ವರ್ಷಗಳು

ಶಿರಾ: ಎದೆಯ ಮೇಲೆ ಕೈಕಟ್ಟಿ, ತಲೆಯೆತ್ತಿ ನಿಂತ ಸ್ವಾಮಿ ವಿವೇಕಾನಂದರ ಚಿತ್ರವನ್ನು ಕಾಣದ ಶಾಲೆ ನಮ್ಮ ಸೀಮೆಯಲ್ಲಿ ವಿರಳ. ಹುಲಿಕುಂಟೆಯಿಂದ ಹಿಡಿದು ಮಧುಗಿರಿ, ಕೊರಟಗೆರೆಯವರೆಗೆ ಜನವರಿ 12ರಂದು ಮಕ್ಕಳು ಆ ಚಿತ್ರಕ್ಕೆ ಹೂವೇರಿಸುತ್ತಾರೆ. ಪಾವಗಡದಲ್ಲಿ ಶ್ರೀ ರಾಮಕೃಷ್ಣ ಸೇವಾಶ್ರಮದವರು ಅವರ ಹೆಸರಿನಲ್ಲಿಯೇ ಗ್ರಾಮೀಣ ಆರೋಗ್ಯ ಕೇಂದ್ರವೊಂದನ್ನು ನಡೆಸುತ್ತಿದ್ದು, ಕುಷ್ಠ, ಕ್ಷಯ ಹಾಗೂ ಕಣ್ಣಿನ ಕಾಯಿಲೆಯಿಂದ ನರಳುವ ಬಡವರ ಪಾಲಿಗೆ ಅದು ಆಸರೆಯಾಗಿದೆ.

ಕಬ್ಬಿಣದ ಮಾಂಸಖಂಡಗಳನ್ನು ಕುರಿತು ಯುವಕರಿಗೆ ಬೋಧಿಸಿದ ಆ ಸಂನ್ಯಾಸಿ ಸ್ವತಃ ಮಧುಮೇಹಿಯಾಗಿದ್ದರು ಎಂಬ ಸಂಗತಿ ಮಾತ್ರ ಸಭೆಗಳಲ್ಲಿ ಅಷ್ಟಾಗಿ ಪ್ರಸ್ತಾಪವಾಗುವುದಿಲ್ಲ. 1897ರಿಂದ 1902ರವರೆಗಿನ ಐದು ವರ್ಷಗಳ ಕಾಲ ಅವರು ಇಂದಿನ ಯಾವುದೇ ಸಕ್ಕರೆ ಕಾಯಿಲೆಯ ರೋಗಿಯಂತೆ ಪಥ್ಯದೊಡನೆ ಹೆಣಗಿದರು. ಕೆಲವೊಮ್ಮೆ ಗೆದ್ದರು, ಕೆಲವೊಮ್ಮೆ ಸೋತರು. ಅವರ ಸಂಕಲ್ಪಶಕ್ತಿಯನ್ನು ಅನುಮಾನಿಸುವವರು ಯಾರೂ ಇಲ್ಲವಾದ್ದರಿಂದಲೇ ಆ ಹೆಣಗಾಟ ನಮಗೆ ಹೇಳುವ ಪಾಠ ಮುಖ್ಯವಾದುದು.

ಉಂಡುಟ್ಟ ಮನೆಯ ಮಗ

ನರೇಂದ್ರನಾಥ ದತ್ತ ಹುಟ್ಟಿದ್ದು 1863ರ ಜನವರಿ 12ರಂದು, ಕಲ್ಕತ್ತೆಯ ಸಿಮ್ಲಾ ಬಡಾವಣೆಯಲ್ಲಿ. ತಂದೆ ವಿಶ್ವನಾಥ ದತ್ತರು ಹೈಕೋರ್ಟಿನ ಅಟಾರ್ನಿ. ಕೈತುಂಬ ಸಂಪಾದನೆ, ಧಾರಾಳ ಖರ್ಚು, ರುಚಿಯಾದ ಅಡುಗೆ, ಸದಾ ನೆಂಟರಿಷ್ಟರು. ಅಡುಗೆಯ ಆಸಕ್ತಿ ತಂದೆಯಿಂದ ಮಗನಿಗೂ ಬಂದಿತು. ಮುಂದೆ ಸಂನ್ಯಾಸಿಯಾದ ಮೇಲೂ, ದೇಶವಿದೇಶಗಳಲ್ಲಿ ಅವಕಾಶ ಸಿಕ್ಕಾಗಲೆಲ್ಲ ಅವರು ಒಲೆಯ ಮುಂದೆ ನಿಂತು ಅಡುಗೆ ಮಾಡಿ ಇತರರಿಗೆ ಬಡಿಸುತ್ತಿದ್ದರು. ಖಾರವೆಂದರೆ ಅವರಿಗೆ ಬಲು ಪ್ರೀತಿ.

1884ರ ಆರಂಭದಲ್ಲಿ ತಂದೆ ಹಠಾತ್ತನೆ ತೀರಿಕೊಂಡರು. ತುಂಬಿದ ಮನೆ ಸಾಲದಲ್ಲಿ ಮುಳುಗಿತು. ಮನೆಯಲ್ಲಿ ಎಲ್ಲರಿಗೂ ಸಾಲುವಷ್ಟು ಅನ್ನವಿಲ್ಲದ ದಿನಗಳಲ್ಲಿ, ಹೊರಗೆ ಊಟಕ್ಕೆ ಕರೆದಿದ್ದಾರೆಂದು ತಾಯಿಗೆ ಸುಳ್ಳು ಹೇಳಿ ನರೇಂದ್ರ ಹಸಿದ ಹೊಟ್ಟೆಯಲ್ಲಿ ಅಲೆದದ್ದುಂಟು. 1886ರಲ್ಲಿ ಗುರು ಶ್ರೀರಾಮಕೃಷ್ಣರು ಗಂಟಲಿನ ಕ್ಯಾನ್ಸರ್‌ನಿಂದ ದೇಹಬಿಟ್ಟ ನಂತರ ಬಾರಾನಗರದ ಪಾಳುಮನೆಯಲ್ಲಿ ಮಠ ಕಟ್ಟಿದಾಗಲೂ ಅದೇ ಸ್ಥಿತಿ. ಬೇಯಿಸಿದ ತೊಂಡೆಯ ಸೊಪ್ಪು, ಅನ್ನ, ಉಪ್ಪು ಇಷ್ಟರಲ್ಲೇ ತಿಂಗಳುಗಟ್ಟಲೆ ಕಳೆಯಬೇಕಾಯಿತು. ಕೆಲವು ದಿನ ಉಪ್ಪಿಗೂ ತತ್ವಾರ.

ಅತಿಯಾದ ಸಮೃದ್ಧಿ, ಅತಿಯಾದ ಕೊರತೆ ಎರಡನ್ನೂ ಇಪ್ಪತ್ತೈದು ತುಂಬುವುದರೊಳಗೆ ಕಂಡವರು ಅವರು. ಮಳೆ ಬಂದ ವರ್ಷ ಉಂಡು, ಬಾರದ ವರ್ಷ ಬಿಗಿಹಿಡಿಯುವ ನಮ್ಮ ಬಯಲುಸೀಮೆಯ ಜನಕ್ಕೆ ಈ ಏರಿಳಿತದ ಬದುಕು ಅಪರಿಚಿತವೇನಲ್ಲ.

ಕನ್ನಡ ನಾಡಿನಲ್ಲಿ

ಪರಿವ್ರಾಜಕರಾಗಿ ದೇಶ ಸುತ್ತುತ್ತಿದ್ದ ಅವರು 1892ರ ಅಕ್ಟೋಬರ್‌ನಲ್ಲಿ ಬೆಳಗಾವಿಗೆ ಬಂದರು. ಮೊದಲು ಭಾಟೆ ಅವರ ಮನೆಯಲ್ಲಿ, ಬಳಿಕ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ತಂಗಿದರು. ಈ ಸಂನ್ಯಾಸಿ ಎಲೆ-ಅಡಿಕೆ, ಹೊಗೆಸೊಪ್ಪನ್ನು ಮುಚ್ಚುಮರೆಯಿಲ್ಲದೆ ಕೇಳಿ ಪಡೆದದ್ದು ಭಾಟೆ ಮನೆಯವರಿಗೆ ಅಚ್ಚರಿ ತಂದಿತ್ತು. ಬಗೆಬಗೆಯ ಔಷಧಗಳನ್ನು ನುಂಗುವ ಅಭ್ಯಾಸವಿದ್ದ ಹರಿಪದ ಮಿತ್ರರಿಗಂತೂ, ಕಾಯಿಲೆಯನ್ನೇ ಸದಾ ಚಿಂತಿಸುತ್ತ ಕೂರಬಾರದೆಂದು ಸ್ವಾಮೀಜಿ ತಿಳಿಹೇಳಿದರು. ಹೀಗೆ ಸಲಹೆ ಕೊಟ್ಟವರೇ ಐದು ವರ್ಷಗಳೊಳಗೆ ವೈದ್ಯರ ಸಲಹೆ ಕೇಳುವ ಸರದಿಯಲ್ಲಿ ನಿಲ್ಲಬೇಕಾದದ್ದು ವಿಧಿಯ ಆಟ.

ಅಲ್ಲಿಂದ ಗೋವೆಗೆ ಹೋಗಿ, ನಂತರ ಬೆಂಗಳೂರು, ಮೈಸೂರುಗಳಿಗೆ ಬಂದ ಅವರಿಗೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಆತಿಥ್ಯ ನೀಡಿದರು. ದಿವಾನರು ಬೇಕಾದ್ದನ್ನೆಲ್ಲ ಕೊಡಿಸಲು ಸಿದ್ಧರಿದ್ದರೂ ಅಂಗಡಿ ಬೀದಿಯಿಂದ ಅವರು ಸ್ವೀಕರಿಸಿದ್ದು ಒಂದು ಚುಟ್ಟವನ್ನು ಮಾತ್ರ. ಬೇಕೆನಿಸಿದ್ದನ್ನು ಸಂಕೋಚವಿಲ್ಲದೆ ಸ್ವೀಕರಿಸುವ, ಬೇಡವೆನಿಸಿದ್ದನ್ನು ರಾಜನೇ ಕೊಟ್ಟರೂ ತಿರಸ್ಕರಿಸುವ ಸ್ವಭಾವ ಅವರದು. ಈ ಎರಡೂ ಗುಣಗಳು ಮುಂದೆ ಅವರ ಪಥ್ಯದಲ್ಲಿಯೂ ಕಾಣಿಸಿಕೊಂಡವು.

ಡಾರ್ಜಿಲಿಂಗ್‌ನಲ್ಲಿ ತಿಳಿದ ಸುದ್ದಿ

1893ರ ಮೇ 31ರಂದು ಮುಂಬಯಿಯಿಂದ ಹಡಗೇರಿದ ವಿವೇಕಾನಂದರು ಅದೇ ವರ್ಷ ಸೆಪ್ಟೆಂಬರ್ 11ರಂದು ಷಿಕಾಗೋ ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿ ಜಗದ್ವಿಖ್ಯಾತರಾದದ್ದು ಎಲ್ಲರಿಗೂ ತಿಳಿದ ವಿಷಯ. ಆ ನಂತರದ ಮೂರೂವರೆ ವರ್ಷಗಳ ದಿನಚರಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಊರಿಂದೂರಿಗೆ ರೈಲು ಪ್ರಯಾಣ, ದಿನಕ್ಕೊಂದು ಉಪನ್ಯಾಸ, ಹೊತ್ತಿಲ್ಲದ ನಿದ್ದೆ, ಮನೆಮನೆಗಳಲ್ಲಿ ಔತಣ. ಷಿಕಾಗೋದಲ್ಲಿ ಅವರಿಗೆ ಆಶ್ರಯ ನೀಡಿದ ಲಯನ್ ಕುಟುಂಬದವರು, ಅತಿಥಿ ತಮ್ಮ ತಟ್ಟೆಗೆ ಸುರಿದುಕೊಳ್ಳುತ್ತಿದ್ದ ಖಾರದ ಸಾಸ್ ಕಂಡು ಕಂಗಾಲಾಗಿದ್ದರಂತೆ.

1897ರ ಜನವರಿ 15ರಂದು ಕೊಲಂಬೊಗೆ ಬಂದಿಳಿದಾಗ ಸ್ವಾಗತದ ಮಹಾಪೂರವೇ ಎದುರಾಯಿತು. ರಾಮನಾಡು, ಮದರಾಸುಗಳಲ್ಲಿ ಮೆರವಣಿಗೆ, ಭಾಷಣಗಳನ್ನು ಮುಗಿಸಿ ಫೆಬ್ರವರಿಯಲ್ಲಿ ಕಲ್ಕತ್ತೆ ತಲುಪುವ ಹೊತ್ತಿಗೆ ದೇಹ ಸಂಪೂರ್ಣ ಬಳಲಿತ್ತು. ವಿಶ್ರಾಂತಿಗೆಂದು ಮಾರ್ಚ್‌ನಲ್ಲಿ ಡಾರ್ಜಿಲಿಂಗ್‌ಗೆ ಹೋದರು. ಕಾಯಿಲೆ ಮಧುಮೇಹವೆಂದು ಸ್ಪಷ್ಟವಾದದ್ದು ಈ ದಿನಗಳಲ್ಲಿಯೇ. ಆಗ ಅವರ ವಯಸ್ಸು ಮೂವತ್ತನಾಲ್ಕು.

ಅಂದಿನ ಕಲ್ಕತ್ತೆಯ ವಿದ್ಯಾವಂತರಿಗೆ ಈ ರೋಗದ ಹೆಸರು ಹೊಸದಲ್ಲ. ಬ್ರಹ್ಮಸಮಾಜದ ನಾಯಕ ಕೇಶವಚಂದ್ರ ಸೇನ್ ಮಧುಮೇಹದಿಂದ ಬಳಲಿ 1884ರ ಜನವರಿಯಲ್ಲಿ, ನಲವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಆದರೆ ರೋಗಕ್ಕೆ ಮದ್ದು ಮಾತ್ರ ಇರಲಿಲ್ಲ. ಇನ್ಸುಲಿನ್ ಮೊದಲ ಬಾರಿಗೆ ರೋಗಿಯೊಬ್ಬನ ಮೈ ಸೇರಿದ್ದು 1922ರ ಜನವರಿಯಲ್ಲಿ. ಅದಕ್ಕೆ ಮುಂಚೆ ಪಥ್ಯವೊಂದೇ ಗತಿ. ಸ್ಕಾಟ್ಲೆಂಡಿನ ಸೇನಾ ವೈದ್ಯ ಜಾನ್ ರೋಲೊ 1797ರಲ್ಲಿಯೇ ಧಾನ್ಯಗಳನ್ನು ಬಿಡಿಸಿ ಮಾಂಸಾಹಾರದ ಪಥ್ಯವನ್ನು ಪ್ರಚಾರಕ್ಕೆ ತಂದಿದ್ದ. 1870ರಲ್ಲಿ ಪ್ಯಾರಿಸ್ ನಗರಕ್ಕೆ ಮುತ್ತಿಗೆ ಬಿದ್ದು ಆಹಾರದ ಅಭಾವ ಉಂಟಾದಾಗ, ತನ್ನ ರೋಗಿಗಳ ಮೂತ್ರದಲ್ಲಿ ಸಕ್ಕರೆ ಕಡಿಮೆಯಾದದ್ದನ್ನು ಫ್ರೆಂಚ್ ವೈದ್ಯ ಬುಷಾರ್ಡ ಗಮನಿಸಿದ್ದ. ನಮ್ಮ ಸುಶ್ರುತ ಸಂಹಿತೆಯಂತೂ ಪ್ರಮೇಹವನ್ನು ಎರಡಾಗಿ ವಿಂಗಡಿಸಿ, ಒಂದು ಹುಟ್ಟಿನಿಂದ ಬಂದದ್ದು, ಮತ್ತೊಂದು ಅಪಥ್ಯದಿಂದ ಬಂದದ್ದು ಎಂದು ಎಂದೋ ಹೇಳಿತ್ತು.

ವಿವೇಕಾನಂದರಿಗೂ ಇದೇ ವಿಧಿಯಾಯಿತು. ಅನ್ನವಿಲ್ಲ, ರೊಟ್ಟಿಯಿಲ್ಲ, ಆಲೂಗಡ್ಡೆಯಿಲ್ಲ, ಕಾಫಿಗೆ ಸಕ್ಕರೆಯೂ ಇಲ್ಲ, ಬರಿಯ ಮಾಂಸಾಹಾರವೇ ಗತಿಯೆಂದು 1897ರ ಏಪ್ರಿಲ್ ಕೊನೆಯಲ್ಲಿ ಅವರು ಅಮೆರಿಕದ ಮೇರಿ ಹೇಲ್ ಅವರಿಗೆ ಪತ್ರ ಬರೆದು ತಮಾಷೆಯಾಗಿಯೇ ತೋಡಿಕೊಂಡರು. ಮೇ ತಿಂಗಳಲ್ಲಿ ಅಲ್ಮೋರಾಕ್ಕೆ ತೆರಳಿ ಬೆಳಿಗ್ಗೆ, ಸಂಜೆ ಕುದುರೆ ಸವಾರಿ ಆರಂಭಿಸಿದರು. ಗರಡಿ ಮನೆಗೆ ಹೋಗುತ್ತಿದ್ದ ಬಾಲ್ಯದ ಹುರುಪು ಮರಳಿತೆಂದು ವೈದ್ಯಮಿತ್ರರಿಗೆ ತಿಳಿಸಿದರು. ಮಿತವಾದ ಆಹಾರ, ವ್ಯಾಯಾಮ, ವಿಶ್ರಾಂತಿ ಮೂರೂ ಕೂಡಿದ ಆ ಕೆಲವು ವಾರಗಳಲ್ಲಿ ಅವರು ನಿಜಕ್ಕೂ ಚೇತರಿಸಿಕೊಂಡರು.

ಐಸ್‌ಕ್ರೀಮಿನ ಮುಂದೆ

ಚೇತರಿಕೆ ಬಹುಕಾಲ ನಿಲ್ಲಲಿಲ್ಲ. 1897ರ ಮೇ 1ರಂದು ಸ್ಥಾಪನೆಯಾದ ರಾಮಕೃಷ್ಣ ಮಿಷನ್‌ನ ಹೊಣೆ ಹೆಗಲ ಮೇಲಿತ್ತು. ಪಂಜಾಬ್, ಕಾಶ್ಮೀರ, ರಾಜಪುತಾನಗಳ ಪ್ರವಾಸ ಸಾಗಿತ್ತು. 1898ರ ಆಗಸ್ಟ್‌ನಲ್ಲಿ ಅಮರನಾಥದ ಚಳಿಯಲ್ಲಿ ಮಿಂದು ದರ್ಶನ ಮಾಡಿದ ಬಳಿಕ ಹೃದಯವೂ ದುರ್ಬಲವಾಯಿತು. ಉಬ್ಬಸ ಬೆನ್ನುಹತ್ತಿತು. ಆದಾಗ್ಯೂ 1899ರ ಜೂನ್‌ನಲ್ಲಿ ಎರಡನೆಯ ಬಾರಿ ಪಶ್ಚಿಮಕ್ಕೆ ಹೊರಟರು.

ನ್ಯೂಯಾರ್ಕ್ ರಾಜ್ಯದ ರಿಜ್ಲಿ ಎಂಬಲ್ಲಿ ಲೆಗೆಟ್ ದಂಪತಿಗಳ ಹಳ್ಳಿಮನೆಯಿತ್ತು. ಆ ವರ್ಷ ಅಲ್ಲಿ ಸುಮಾರು ಹತ್ತು ವಾರ ಅವರು ವಿಶ್ರಾಂತಿ ಪಡೆದರು. ಊಟದ ಕೊನೆಯಲ್ಲಿ ಎದ್ದು ಹೊರಡಲು ಅನುವಾಗುವ ಅತಿಥಿಯನ್ನು ಮತ್ತೆ ಕುರ್ಚಿಗೆ ಕರೆತರಲು ಮನೆಯೊಡತಿಗೆ ಒಂದು ಉಪಾಯ ಗೊತ್ತಿತ್ತು: ಇಂದು ಐಸ್‌ಕ್ರೀಮ್ ಇದೆ ಎಂದರೆ ಸಾಕು, ಸ್ವಾಮೀಜಿ ಮಗುವಿನಂತೆ ಮರಳಿ ಕೂರುತ್ತಿದ್ದರು. ಚಾಕೊಲೇಟ್ ಐಸ್‌ಕ್ರೀಮ್ ಅವರಿಗೆ ಅಚ್ಚುಮೆಚ್ಚು. ಅಲ್ಲಿದ್ದವರೆಲ್ಲ ಇದನ್ನು ಪ್ರೀತಿಯಿಂದಲೇ ನೆನೆದಿದ್ದಾರೆ.

ಕಾಫಿಗೆ ಸಕ್ಕರೆ ಬಿಟ್ಟ ಎರಡು ವರ್ಷಗಳ ನಂತರದ ಮಾತಿದು. ಯಾರನ್ನು ದೂಷಿಸುವುದು? ಬಡಿಸಿದವರದು ಅಕ್ಕರೆ. ಉಂಡವರದು ಮನೆಯಿಂದ ದೂರವಿದ್ದು, ಪರರ ಮೇಜಿನಲ್ಲಿ ಕುಳಿತ ಅತಿಥಿಯ ಸ್ಥಿತಿ. ಹೋಳಿಗೆಯ ಮೇಲೆ ಇನ್ನೊಂದು ಮಿಳ್ಳೆ ತುಪ್ಪ ಸುರಿದು, ಒಂದು ದಿನಕ್ಕೆ ಏನೂ ಆಗದೆಂದು ಒತ್ತಾಯಿಸುವ ನಮ್ಮ ಹಬ್ಬದ ಪಂಕ್ತಿಗೂ ರಿಜ್ಲಿಯ ಮೇಜಿಗೂ ಹೆಚ್ಚಿನ ಅಂತರವಿಲ್ಲ.

ಇಪ್ಪತ್ತೊಂದು ದಿನ ನೀರಿಲ್ಲ, ಉಪ್ಪಿಲ್ಲ

1900ರ ಡಿಸೆಂಬರ್ 9ರ ರಾತ್ರಿ ಅವರು ಗಂಗಾತೀರದ ಬೇಲೂರು ಮಠಕ್ಕೆ ಹಿಂದಿರುಗಿದರು. (ಇದು ನಮ್ಮ ಹಾಸನ ಜಿಲ್ಲೆಯ ಬೇಲೂರಲ್ಲ, ಕಲ್ಕತ್ತೆಯ ಬಳಿಯದು.) 1901ರ ವಸಂತದಲ್ಲಿ ಪೂರ್ವಬಂಗಾಳ ಮತ್ತು ಅಸ್ಸಾಂ ಪ್ರವಾಸ ಹೋದಾಗ ಷಿಲ್ಲಾಂಗ್‌ನಲ್ಲಿ ಉಬ್ಬಸ ಉಲ್ಬಣಿಸಿತು. ಮೂತ್ರದಲ್ಲಿ ಆಲ್ಬುಮಿನ್ ಕಾಣಿಸಿಕೊಂಡಿತು. ಮೇ ತಿಂಗಳಲ್ಲಿ ಮಠಕ್ಕೆ ಮರಳುವಾಗ ಕಾಲುಗಳು ಬಾತಿದ್ದವು. ಮಧುಮೇಹ ಬಹುಕಾಲ ಹತೋಟಿಯಲ್ಲಿರದಿದ್ದರೆ ಮೂತ್ರಪಿಂಡ ಹಾಗೂ ಕಣ್ಣುಗಳಿಗೆ ಹಾನಿಯಾಗುತ್ತದೆಂಬುದು ಇಂದು ಸಾಮಾನ್ಯ ತಿಳಿವಳಿಕೆ. ಅವರ ಬಲಗಣ್ಣಿನ ದೃಷ್ಟಿಯೂ ಕೊನೆಯ ದಿನಗಳಲ್ಲಿ ಕುಂದಿತ್ತು.

ಗುರುಭಾಯಿಗಳ ಒತ್ತಾಯದಂತೆ ಕಲ್ಕತ್ತೆಯ ಕವಿರಾಜರಾದ ಮಹಾನಂದ ಸೇನಗುಪ್ತರ ಆಯುರ್ವೇದ ಚಿಕಿತ್ಸೆ ಆರಂಭವಾಯಿತು. ವೈದ್ಯರು ವಿಧಿಸಿದ ಪಥ್ಯ ಅತ್ಯಂತ ಕಠಿಣ: ಇಪ್ಪತ್ತೊಂದು ದಿನ ನೀರು ಕುಡಿಯುವಂತಿಲ್ಲ, ಉಪ್ಪು ಮುಟ್ಟುವಂತಿಲ್ಲ, ಹಾಲೊಂದೇ ಆಹಾರ. ಅದೂ ಬಂಗಾಳದ ಬಿರುಬೇಸಗೆಯಲ್ಲಿ. ಈ ಚಿಕಿತ್ಸೆಯಿಂದ ಫಲ ದೊರಕೀತೆಂಬ ನಂಬಿಕೆ ಸ್ವಾಮೀಜಿಯವರಿಗೆ ಅಷ್ಟಾಗಿ ಇರಲಿಲ್ಲ. ಸೋದರ ಸಂನ್ಯಾಸಿಗಳ ಮಾತಿಗೆ ತಲೆಬಾಗಿ ಒಪ್ಪಿದರು.

ಒಪ್ಪಿದ ಮೇಲೆ ಮಾತ್ರ ಒಂದು ತೊಟ್ಟೂ ತಪ್ಪಲಿಲ್ಲ. ಬಾಯಿ ಮುಕ್ಕಳಿಸುವಾಗಲೂ ಗಂಟಲಿಗೆ ಹನಿ ನೀರು ಇಳಿಯದಷ್ಟು ಮನಸ್ಸು ಹಿಡಿತದಲ್ಲಿತ್ತೆಂದು ಅವರೇ ಶಿಷ್ಯ ಶರಚ್ಚಂದ್ರ ಚಕ್ರವರ್ತಿಗೆ ತಿಳಿಸಿದರು. ಆ ದಿನಗಳಲ್ಲಿಯೇ ಬ್ರಿಟಾನಿಕಾ ವಿಶ್ವಕೋಶದ ಹತ್ತು ಸಂಪುಟಗಳನ್ನು ಓದಿ ಮುಗಿಸಿ ಹನ್ನೊಂದನೆಯದಕ್ಕೆ ಕೈಹಾಕಿದ್ದರು. ಪಥ್ಯ ಮುಗಿಯಿತು, ಬಾವು ಇಳಿಯಿತು. ಆದರೆ ಕೆಲವೇ ತಿಂಗಳಲ್ಲಿ ಕಾಯಿಲೆ ಮರುಕಳಿಸಿತು.

ಇಲ್ಲಿ ಓದುಗರಿಗೆ ಒಂದು ಎಚ್ಚರಿಕೆ ಅಗತ್ಯ. ನೀರನ್ನು ಸಂಪೂರ್ಣ ನಿಲ್ಲಿಸುವ ಇಂತಹ ಪಥ್ಯವನ್ನು ಇಂದು ಯಾರೂ ಸ್ವಂತ ನಿರ್ಧಾರದಿಂದ ಅನುಸರಿಸಬಾರದು. ಮೂತ್ರಪಿಂಡದ ತೊಂದರೆ ಇರುವವರಿಗೆ ಉಪ್ಪು, ನೀರು ಎಷ್ಟಿರಬೇಕೆಂಬುದನ್ನು ವೈದ್ಯರೇ ಪರೀಕ್ಷಿಸಿ ಹೇಳಬೇಕು. ಮಾತ್ರೆ, ಇನ್ಸುಲಿನ್‌ಗಳನ್ನು ಬಿಟ್ಟು ವ್ರತ ಹಿಡಿಯುವುದು ಪ್ರಾಣಾಪಾಯಕ್ಕೆ ದಾರಿ.

ವಿವೇಕಾನಂದರ ಈ ಇಪ್ಪತ್ತೊಂದು ದಿನಗಳಿಂದ ತಿಳಿಯುವುದೇ ಬೇರೆ. ಗಡುವುಳ್ಳ ವ್ರತವನ್ನು, ಎಷ್ಟೇ ಕಠಿಣವಿರಲಿ, ಛಲವಂತರು ಪೂರೈಸಬಲ್ಲರು. ಮುಗಿಯುವ ದಿನವೆಂಬುದೇ ಇಲ್ಲದ ನಿತ್ಯದ ಮಿತಾಹಾರಕ್ಕೆ ಛಲವೊಂದೇ ಸಾಲದು.

ಉಪ್ಪಿಲ್ಲದ ಔತಣ

ಅದೇ 1901ರ ಕೊನೆಯ ಭಾಗದಲ್ಲಿ ಮಠದ ನೆಲ ಹಸನುಗೊಳಿಸಲು ಸಂತಾಲ ಕೂಲಿಕಾರರು ಬರುತ್ತಿದ್ದರು. ಅವರೊಡನೆ ಹರಟುತ್ತ ಕೂರುವುದು ಸ್ವಾಮೀಜಿಯವರಿಗೆ ಇಷ್ಟ. ಒಮ್ಮೆ ಅವರಿಗೆಲ್ಲ ಊಟ ಹಾಕಬೇಕೆಂದು ಬಯಸಿದರು. ಪರರು ಉಪ್ಪು ಹಾಕಿ ಮಾಡಿದ ಅಡುಗೆ ಉಂಡರೆ ಜಾತಿ ಕೆಡುತ್ತದೆಂದು ಕೂಲಿಕಾರರ ಮುಖಂಡ ಕೇಷ್ಟಾ ಹಿಂಜರಿದ. ಹಾಗಾದರೆ ಉಪ್ಪಿಲ್ಲದೆಯೇ ಅಡುಗೆಯಾಗಲಿ ಎಂದು ಏರ್ಪಾಡು ಮಾಡಿಸಿ ಪೂರಿ, ಪಲ್ಯ, ಸಿಹಿ, ಮೊಸರುಗಳನ್ನು ಬಡಿಸಿ, ಮುಂದೆ ನಿಂತು ಉಣಿಸಿದರು.

ಕೆಲವೇ ತಿಂಗಳ ಹಿಂದೆ ತಾವು ಉಪ್ಪಿಲ್ಲದೆ ಕಳೆದಿದ್ದವರು ಇತರರಿಗಾಗಿ ಇಡೀ ಔತಣವನ್ನೇ ಉಪ್ಪಿಲ್ಲದೆ ಮಾಡಿಸಿದ ಪ್ರಸಂಗವಿದು. ಉಣ್ಣುವವರ ಅಗತ್ಯಕ್ಕೆ ತಕ್ಕಂತೆ ಅಡುಗೆಮನೆಯನ್ನೇ ಬದಲಿಸಬಹುದೆಂದು ಅವರು ಅಂದು ತೋರಿಸಿಕೊಟ್ಟರು. ದುರದೃಷ್ಟವೆಂದರೆ ಅವರ ಸ್ವಂತ ಊಟದ ವಿಷಯದಲ್ಲಿ ನಡೆದದ್ದು ಇದರ ವಿರುದ್ಧ. ಮಠದಲ್ಲಿ ಎಲ್ಲರಿಗೂ ಒಂದು ಅಡುಗೆ, ರೋಗಿಗೆ ಮತ್ತೊಂದು. ಅನಾರೋಗ್ಯದ ಕಾರಣ ಅವರು ಸಾಮಾನ್ಯವಾಗಿ ತಮ್ಮ ಕೋಣೆಯಲ್ಲಿ ಒಂಟಿಯಾಗಿ ಉಣ್ಣುತ್ತಿದ್ದರು. ಅಡುಗೆ ಮಾಡಿ, ಬಡಿಸಿ, ಹರಟೆ ಹೊಡೆಯುತ್ತ ಉಣ್ಣುವುದರಲ್ಲಿ ಸಂತೋಷ ಕಂಡಿದ್ದ ವ್ಯಕ್ತಿಗೆ ಇದಕ್ಕಿಂತ ದೊಡ್ಡ ಪಥ್ಯ ಬೇರೊಂದಿರಲಾರದು.

ಕೊನೆಯ ಪಂಕ್ತಿ

1902ರ ಜುಲೈ 2, ಬುಧವಾರ, ಏಕಾದಶಿ. ತಾವು ಉಪವಾಸವಿದ್ದರೂ ಮಠಕ್ಕೆ ಬಂದ ಶಿಷ್ಯೆ ನಿವೇದಿತಾ ಅವರಿಗೆ ಬೇಯಿಸಿದ ಹಲಸಿನ ಬೀಜ, ಆಲೂಗಡ್ಡೆ, ಅನ್ನ, ತಣ್ಣನೆಯ ಹಾಲನ್ನು ತಾವೇ ಬಡಿಸಿದರು. ಊಟವಾದ ಮೇಲೆ ಆಕೆಯ ಕೈಗೆ ನೀರು ಹಾಕಿದರು.

ಎರಡು ದಿನಗಳ ನಂತರ, ಜುಲೈ 4ರ ಶುಕ್ರವಾರ, ಮಧ್ಯಾಹ್ನದ ಊಟಕ್ಕೆ ಅವರು ಕೋಣೆಯಲ್ಲಿ ಉಳಿಯಲಿಲ್ಲ. ಕೆಳಗಿಳಿದು ಬಂದು ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತರು. ಅಂದು ಗಂಗೆಯ ಹಿಲ್ಸಾ ಮೀನು ಬಂದಿತ್ತು. ಬಹಳ ದಿನಗಳ ನಂತರ ತೃಪ್ತಿಯಾಗಿ ಉಂಡರು. ಆ ಬಳಿಕ ಬ್ರಹ್ಮಚಾರಿಗಳಿಗೆ ಸುಮಾರು ಮೂರು ಗಂಟೆ ಸಂಸ್ಕೃತ ವ್ಯಾಕರಣ ಕಲಿಸಿದರು. ಸಂಜೆ ಪ್ರೇಮಾನಂದರೊಡನೆ ದೂರದವರೆಗೆ ನಡೆದಾಡಿ ಬಂದರು. ರಾತ್ರಿ ಒಂಬತ್ತು ದಾಟಿದ ಕೆಲವೇ ನಿಮಿಷಗಳಲ್ಲಿ ಧ್ಯಾನದ ನಂತರ ಪ್ರಾಣ ಹೋಯಿತು. ಅವರಿಗಾಗ ಮೂವತ್ತೊಂಬತ್ತು ವರ್ಷ.

ಆ ದಿನದ ಊಟಕ್ಕೂ ಸಾವಿಗೂ ಗಂಟು ಹಾಕುವುದು ಸರಿಯಲ್ಲ. ಹೃದಯ, ಮೂತ್ರಪಿಂಡ, ಶ್ವಾಸಕೋಶಗಳೆಲ್ಲ ಅದಾಗಲೇ ಬಳಲಿದ್ದವು. ಗಮನಿಸಬೇಕಾದ ಸಂಗತಿಯೆಂದರೆ, ಅವರ ಜೀವನಚರಿತ್ರಕಾರರು ಆ ಮಧ್ಯಾಹ್ನ ಅವರು ಎಲ್ಲರೊಡನೆ ಕುಳಿತು ಉಂಡದ್ದನ್ನೇ ವಿಶೇಷವೆಂದು ದಾಖಲಿಸಿರುವುದು.

ನಮ್ಮ ಮನೆಗಳಲ್ಲಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ದೀರ್ಘಕಾಲದ ಚಿಕಿತ್ಸೆಯನ್ನು ಸರಿಯಾಗಿ ಪಾಲಿಸುವವರು ಮುಂದುವರಿದ ದೇಶಗಳಲ್ಲಿಯೂ ಸರಾಸರಿ ಅರ್ಧದಷ್ಟು ಮಾತ್ರವೆಂದು ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ತಿಳಿಸಿತ್ತು. ರೋಗಿಯನ್ನು ದೂಷಿಸುವ ಬದಲು ಬೆಂಬಲಿಸಬೇಕೆಂಬುದು ಅದೇ ವರದಿಯ ಆಶಯ.

ನಮ್ಮ ಭಾಗದಲ್ಲಿ ಪಥ್ಯ ತಪ್ಪುವ ಬಗೆ ಎಲ್ಲರಿಗೂ ಗೊತ್ತಿರುವಂಥದ್ದೇ. ಮನೆಯಲ್ಲಿರುವುದು ಒಂದು ಒಲೆ, ಒಂದು ಪಾತ್ರೆ. ಮನೆಯ ಹೆಂಗಸಿಗೆ ಕಾಯಿಲೆಯಾದರೆ, ಎಲ್ಲರಿಗೂ ಬಡಿಸಿ ಉಳಿದದ್ದೇ ಆಕೆಯ ಊಟ. ಕಡಲೆಕಾಯಿ ಹೊಲದಲ್ಲಿ ಕೂಲಿಗೆ ಹೋದವರಿಗೆ ಹೊತ್ತು ಹೊತ್ತಿಗೆ ತಿನ್ನುವ ಸ್ವಾತಂತ್ರ್ಯವಿಲ್ಲ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದರೆ ಪಥ್ಯವಾಯಿತೆಂಬ ನಂಬಿಕೆ ಬೇರೆ. ರಕ್ತದ ಸಕ್ಕರೆಯನ್ನು ಎರಡೂ ಏರಿಸುತ್ತವೆ. ಮುದ್ದೆ ಎಷ್ಟು ಉಂಡರೂ ತೊಂದರೆಯಿಲ್ಲವೆಂಬ ಮಾತೂ ಉಂಟು. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚಿರುವುದು ನಿಜ. ಆದರೆ ನೂರು ಗ್ರಾಂ ರಾಗಿಯಲ್ಲಿ ಹತ್ತಿರ ಹತ್ತಿರ 70 ಗ್ರಾಂ ಪಿಷ್ಟವಿರುವುದೂ ನಿಜ. ಆದ್ದರಿಂದ ಮುದ್ದೆಯ ಗಾತ್ರ ಇಳಿಯಬೇಕು. ಅದರ ಜೊತೆಗೆ ಸೊಪ್ಪು, ಅವರೆ, ಹುರುಳಿಯ ಪಾಲು ಹೆಚ್ಚಬೇಕು.

ಇದು ರೋಗಿಗೆ ಮಾತ್ರ ಹೇಳುವ ಮಾತಲ್ಲ. ಅರ್ಧ ತಟ್ಟೆ ಸೊಪ್ಪು ತರಕಾರಿ, ಉಳಿದರ್ಧದಲ್ಲಿ ಬೇಳೆಕಾಳು ಮತ್ತು ಧಾನ್ಯ ಎಂಬ ಕ್ರಮ ಮನೆಮಂದಿಗೆಲ್ಲ ಹಿತವಾದುದು. ಅಜ್ಜನಿಗೆ ಪ್ರತ್ಯೇಕ ತಟ್ಟೆ ಇಟ್ಟು ಮೂಲೆಯಲ್ಲಿ ಕೂರಿಸುವುದಕ್ಕಿಂತ, ಎಲ್ಲರ ತಟ್ಟೆಯಲ್ಲೂ ಅದೇ ಊಟವಿದ್ದರೆ ಪಥ್ಯವೆಂಬ ಭಾರ ಅರ್ಧ ಇಳಿದಂತೆ. ಹಬ್ಬದ ದಿನ ಒತ್ತಾಯಿಸಿ ಬಡಿಸದಿರುವುದೂ ಅಕ್ಕರೆಯ ಒಂದು ರೂಪವೆಂದು ನೆಂಟರು ತಿಳಿಯಬೇಕು.

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನಾವು ರೋಗಿಯ ಮುಂದೆ ಆಡುವುದುಂಟು. ಇಪ್ಪತ್ತೊಂದು ದಿನ ನೀರು ಬಿಡಬಲ್ಲವರಾಗಿದ್ದ ವಿವೇಕಾನಂದರಿಗೂ ಒಂಟಿಯಾಗಿ ದಿನನಿತ್ಯದ ಪಥ್ಯ ಸಾಗಿಸುವುದು ಕಷ್ಟವಾಯಿತು. ಹೀಗಿರುವಾಗ ಹುಲಿಕುಂಟೆಯ ರೈತನೊಬ್ಬ ಪಥ್ಯ ತಪ್ಪಿದನೆಂದು ಗದರುವ ಮೊದಲು, ಅವನ ಮನೆಯವರು ಅಂದು ಏನು ಬೇಯಿಸಿದ್ದರು, ಅವನೊಡನೆ ಯಾರು ಕುಳಿತು ಉಂಡರು ಎಂದು ಕೇಳುವುದು ಒಳಿತು.